ಲೇಬಲ್ ಪಕ್ಕದ ಗುರುತು ಓದಲು ಟಾರ್ಚಾ, ಫೋನಾ, ಪೆನ್ಸಿಲಾ?

ನನ್ನ ಹತ್ತಿರ ಬೀಟಲ್ಸ್‌ನ ‘ರಬ್ಬರ್ ಸೋಲ್’ ಮೋನೋ ಎಲ್‌ಪಿ ರೆಕಾರ್ಡು ಎರಡಿವೆ. ಎರಡೂ ಇಂಗ್ಲೆಂಡಿನವು. ಕವರ್, ಲೇಬಲ್ ನೋಡಿದರೆ ಅವಳಿಗಳೇ, ಆದರೆ ಹಾಕಿ ಕೇಳಿದರೆ ಒಂದು ಜೋರು, ಇನ್ನೊಂದು ಮೆತ್ತಗೆ. ಯಾಕೆ ಅಂತ ಗೊತ್ತಾಗುವುದು ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ನುಣುಪು ಜಾಗದಲ್ಲಿ. ಮೊದಲ ಬದಿಯಲ್ಲಿ ಒಂದಕ್ಕೆ ಎಕ್ಸ್‌ಇಎಕ್ಸ್ 579-1, ಇನ್ನೊಂದಕ್ಕೆ 579-4. ಕೊನೆಯ ಅಂಕಿ ಹಾಡಿನ ಗೆರೆಗಳನ್ನು ಮೂಲ ತಟ್ಟೆಯಲ್ಲಿ ಎಷ್ಟನೇ ಸಲ ಕೊರೆದದ್ದು ಅನ್ನುವುದಕ್ಕೆ. 1965ರ ಆ ಮೊದಲ ಕೊರೆತ ಜಾಸ್ತಿ ಜೋರಾಗಿತ್ತು, ಬೇಗನೆ ಬೇರೆ ಕೊರೆದರು.

ಈ ಅಂಕಿ ಕೆಳಗೆ, ಗಡಿಯಾರದ 6ರ ಜಾಗಕ್ಕೆ ಬರುವ ಹಾಗೆ ರೆಕಾರ್ಡು ಹಿಡಿಯಿರಿ. ಎಡಗಡೆ 9ರಲ್ಲಿ ಮದರ್ ನಂಬರು, ಬಲಗಡೆ 3ರಲ್ಲಿ ಸ್ಟ್ಯಾಂಪರ್ ಅಕ್ಷರಗಳು. ಸ್ಟ್ಯಾಂಪರ್ ಅಂದರೆ ರೆಕಾರ್ಡು ಒತ್ತುವ ಲೋಹದ ಅಚ್ಚು, ಮದರ್ ಅಂದರೆ ಆ ಅಚ್ಚುಗಳನ್ನು ತೆಗೆಯುವ ಲೋಹದ ತಟ್ಟೆ. ಈ ರೆಕಾರ್ಡು ತಯಾರಿಸಿದ ಇಎಂಐ ಕಂಪನಿಯವರು ಸ್ಟ್ಯಾಂಪರಿಗೆ ಅಂಕಿಯ ಬದಲು ಇಂಗ್ಲಿಷ್ ಅಕ್ಷರ ಹಾಕುತ್ತಿದ್ದರು: ಜಿ, ಆರ್, ಎ, ಎಂ, ಒ, ಪಿ, ಎಚ್, ಎಲ್, ಟಿ ಅಂದರೆ 1ರಿಂದ 9, ಡಿ ಅಂದರೆ ಸೊನ್ನೆ. ಗ್ರಾಮೋಫೋನ್ ಲಿಮಿಟೆಡ್ ಅನ್ನುವ ಹೆಸರಿನಿಂದಲೇ ತೆಗೆದದ್ದು.

ಓದಲು ಮೂರು ದಾರಿ ನೋಡಿದೆ. ಫೋನಿನಲ್ಲಿ ಫೋಟೋ ತೆಗೆಯುವುದು ಎಲ್ಲಕ್ಕಿಂತ ಸುಲಭ, ಆದರೆ ಫ್ಲ್ಯಾಶ್ ಹಾಕಿದರೆ ಇಡೀ ಜಾಗ ಬೆಳ್ಳಗಾಗಿ ಅಕ್ಷರ ಮಾಯ, ಹಾಕದಿದ್ದರೆ ಮಸುಕು. ನನ್ನ ಎರಡನೇ ರೆಕಾರ್ಡಿನ ಅಕ್ಷರ ಫೋಟೋದಲ್ಲಿ ‘ಆರ್ ಒ’ ಅಂತ ಕಂಡಿತು, ಅಂದರೆ 25ನೇ ಸ್ಟ್ಯಾಂಪರ್. ಅನುಮಾನ ಬಂತು. ತೆಳು ಬಟರ್ ಪೇಪರ್ ಇಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದೆ. ಎರಡನೇ ಅಕ್ಷರದ ಎಡಗಡೆ ನೇರ ಗೆರೆ ಮೂಡಿತು. ಅದು ‘ಆರ್ ಡಿ’, 20! ಐದು ಸ್ಟ್ಯಾಂಪರ್ ವ್ಯತ್ಯಾಸ ಅಂದರೆ ಸಣ್ಣದಲ್ಲ, ಒಂದೊಂದರಿಂದಲೂ ನೂರಾರು ರೆಕಾರ್ಡು ಒತ್ತುತ್ತಿದ್ದರು ಅಲ್ವಾ.

ಆದರೂ ಪೆನ್ಸಿಲನ್ನು ನಾನು ದಿನಾ ಬಳಸುವುದಿಲ್ಲ. ಪುಡಿ ಹಾಡಿನ ಗೆರೆಯೊಳಗೆ ಹೋದರೆ ತೆಗೆಯುವುದು ಕಷ್ಟ, ಕೈ ಜಾರಿದರಂತೂ ಕೇಳಲೇ ಬೇಡಿ. ಅಂಗಡಿಯಲ್ಲಿ ಹಾಗೆ ಉಜ್ಜಲು ಯಾರೂ ಬಿಡುವುದೂ ಇಲ್ಲ.

ನನ್ನ ಮತ ಟಾರ್ಚಿಗೇ. ಕೋಣೆ ಕತ್ತಲು ಮಾಡಿ, ಸಣ್ಣ ಟಾರ್ಚನ್ನು ರೆಕಾರ್ಡಿನ ಅಂಚಿಗೆ ಅಡ್ಡ ಮಲಗಿಸಿ, ಭೂತಗನ್ನಡಿ ಹಿಡಿದು ರೆಕಾರ್ಡನ್ನೇ ನಿಧಾನವಾಗಿ ತಿರುಗಿಸಿ. ಬೆಳಕು ಓರೆಯಾಗಿ ಬಿದ್ದಾಗ ಪ್ರತಿ ಅಕ್ಷರಕ್ಕೂ ನೆರಳು ಬರುತ್ತದೆ. ‘ಆರ್ ಡಿ’ಯ ನೇರ ಗೆರೆ ಹೀಗೆ ನೋಡಿದಾಗಲೂ ಚೆನ್ನಾಗಿ ಕಂಡಿತು. ಫೋಟೋ ಬೇಕಿದ್ದರೂ ಇದೇ ಬೆಳಕಿನಲ್ಲಿ ತೆಗೆಯಿರಿ.

ಒಂದು ಎಚ್ಚರ. ಇಂಗ್ಲೆಂಡಿನ ಇನ್ನೊಂದು ಕಂಪನಿ ಡೆಕ್ಕಾದ ರೆಕಾರ್ಡಿಗೆ ಈ ಲೆಕ್ಕ ಹಾಕಬೇಡಿ. ಅವರ ಪದ ‘ಬಕಿಂಗ್‌ಹ್ಯಾಮ್’, ಬಿ ಅಂದರೆ 1, ಯು ಅಂದರೆ 2, ಹೀಗೆ ಎ ಅಂದರೆ 9, ಕೊನೆಯ ಎಂ ಸೊನ್ನೆ. ಇಎಂಐನಲ್ಲಿ ಅದೇ ಎಂ 4 ಆಗಿತ್ತು. ನಾನು ಎರಡೂ ಪದಗಳನ್ನು ಚೀಟಿಯಲ್ಲಿ ಬರೆದು ಪ್ಲೇಯರ್ ಮುಚ್ಚಳದ ಒಳಗೆ ಅಂಟಿಸಿದ್ದೇನೆ.