ಟ್ರಾನ್ಸ್‌ಫರ್ ಕೇಸ್ ಸೋರಿಕೆ: ಬಾಟಲಿ, ಪೇಸ್ಟ್, ಲೋಕಲ್ ಸೀಲ್, ಕಂಪನಿ ಸೀಲ್

ಟ್ರಾನ್ಸ್‌ಫರ್ ಕೇಸ್ ಅಂದರೆ ಇಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ. ಅದರಿಂದ ಎಣ್ಣೆ ಸೋರಿದರೆ ಕಂಪನಿ ಸೀಲ್ (ಶಾಫ್ಟ್ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆ) ತಂದು, ಗೊತ್ತಿರುವ ಮೇಸ್ತ್ರಿ ಕೈಯಲ್ಲಿ ಹಾಕಿಸಿ. ನನ್ನ ಓಟು ಅದಕ್ಕೇ. ಉಳಿದವುಗಳಿಗೆ ಯಾಕಿಲ್ಲ ಅಂತ ಕೇಳುವವರು ಮುಂದೆ ಓದಿ.

ನನ್ನದು ಫೋರ್ ವೀಲ್ ಡ್ರೈವ್ ಪಿಕಪ್. ಜಾಸ್ತಿ ಓಡುವುದು ಬಳ್ಳಾರಿಯಿಂದ ಸಂಡೂರು, ದೋಣಿಮಲೈ ಗಣಿಗಳ ಕಡೆ, ಜನರೇಟರ್ ಸಾಮಾನು ಹೊತ್ತು. ಮಳೆಗಾಲದಲ್ಲಿ ಸಿರುಗುಪ್ಪದ ಎರೆಹೊಲಗಳಿಗೂ ಇಳಿಯುತ್ತದೆ. ಅಲ್ಲಿ ಹೂತುಕೊಂಡರೆ ಫೋರ್-ಲೋ (ನಾಲ್ಕೂ ಚಕ್ರ ನಿಧಾನಕ್ಕೆ, ಜೋರಾಗಿ ಎಳೆಯುವ ಗೇರ್) ಹಾಕದೆ ಮೇಲೆ ಬರುವ ಮಾತೇ ಇಲ್ಲ. ಟ್ರಾನ್ಸ್‌ಫರ್ ಕೇಸ್ ನನಗೆ ಶೋಕಿ ಸಾಮಾನಲ್ಲ.

ಸೋರುತ್ತಿದ್ದದ್ದು ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ, ತಿರುಗುವ ಕಂಬಿ) ಬಂದು ಸೇರುವ ಕಡೆ. ಇದನ್ನು ಕಂಡುಹಿಡಿಯುವುದೇ ಒಂದು ಕೆಲಸ. ನಮ್ಮ ಗಾಡಿಗೆ ಹಾಕುವುದು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ), ಅದರ ಬಣ್ಣ ಕೆಂಪು. ಮೇಲೆ ಮೆತ್ತಿಕೊಂಡ ಅದಿರಿನ ಧೂಳೂ ಕೆಂಪು. ಡೀಸೆಲ್ ಹಾಕಿ ಉಜ್ಜಿ, ಒರೆಸಿ, ಒಂದು ಸುತ್ತು ಓಡಿಸಿ ಬಂದು ಮತ್ತೆ ಅಡಿಯಲ್ಲಿ ಮಲಗಿದಾಗಲೇ ಎಣ್ಣೆಯ ದಾರಿ ಕಾಣಿಸಿದ್ದು.

ಮೊದಲು ಬಾಟಲಿ, ಅದೇ ಸ್ಟಾಪ್ ಲೀಕ್. ಗಟ್ಟಿಯಾದ ರಬ್ಬರನ್ನು ಮೆತ್ತಗೆ ಮಾಡಿ ಸ್ವಲ್ಪ ಉಬ್ಬಿಸುತ್ತದೆ, ಅಷ್ಟೇ ಅದರ ಕೆಲಸ. ಸೀಲಿನ ಲಿಪ್ (ಶಾಫ್ಟಿಗೆ ಒತ್ತಿಕೊಳ್ಳುವ ಅಂಚು) ಹರಿದಿದ್ದರೆ ಏನೂ ಆಗುವುದಿಲ್ಲ. ನನ್ನ ಗಾಡಿಯಲ್ಲಿ ಸೋರುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಬಿಸಿಲು ಏರಿದ ಮೇಲೆ ಮತ್ತೆ ಅದೇ ರಾಗ, ಅದೇ ಹಾಡು.

ಸಿಲಿಕಾನ್ ಪೇಸ್ಟ್ ಹೊರಗಿನಿಂದ ಬಳಿಯುವುದು ದಂಡ. ತಿರುಗುವ ಶಾಫ್ಟ್ ಸುತ್ತ ಪೇಸ್ಟ್ ನಿಲ್ಲುವುದಾದರೂ ಎಲ್ಲಿ? ಕೇಸಿನ ಎರಡು ಭಾಗ ಕೂಡುವ ಜಾಗದಲ್ಲಿ ಸೋರಿದರೆ, ಬಿಚ್ಚಿ, ಎಣ್ಣೆ ಪಸೆ ಹೋಗುವಂತೆ ಒರೆಸಿ, ಹಚ್ಚಿ, ಒಂದು ದಿನ ಒಣಗಲು ಬಿಡಿ. ಆಗ ಅದಕ್ಕೂ ಬೆಲೆ ಇದೆ.

ಲೋಕಲ್ ಸೀಲ್ 150 ರೂಪಾಯಿಗೆ ಸಿಕ್ಕಿತು. ಹಾಕಿಸಿದ ಸ್ವಲ್ಪ ದಿನಕ್ಕೇ ಮತ್ತೆ ತೊಟ್ಟಿಕ್ಕತೊಡಗಿತು. ಬೇರೆ ಮೇಸ್ತ್ರಿಗೆ ತೋರಿಸಿದೆ. ಅವರು ಸೀಲ್ ಕಡೆ ನೋಡಲೇ ಇಲ್ಲ. ಕೇಸಿನ ಮೇಲಕ್ಕೆ ಟಾರ್ಚ್ ಬಿಟ್ಟು, "ಸೀಲ್ ಎಷ್ಟ್ ಸಲ ಹಾಕಿದ್ರೂ ಇದೇ ಕಥಿ ಸರ. ಮೇಲ ಉಸಿರು ಕಟ್ಟೈತಿ ನೋಡ್ರಿ" ಅಂದರು.

ಉಸಿರು ಅಂದರೆ ಬ್ರೀದರ್. ಕೇಸ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಗೆ ಹೋಗಲು ಇರುವುದು ಈ ಸಣ್ಣ ತೂತು. ಅದು ಮುಚ್ಚಿದರೆ ಒತ್ತಡ ಎಲ್ಲ ಸೀಲಿನ ಮೇಲೆ. ಹೊಸ ಸೀಲಾದರೂ ಲಿಪ್ ಸಂದಿಯಿಂದ ಎಣ್ಣೆ ಕಕ್ಕುತ್ತದೆ. ನಮ್ಮ ಕಡೆ ಅದಿರಿನ ಧೂಳು ಎಣ್ಣೆ ಆವಿಗೆ ಅಂಟಿ ಅಲ್ಲೇ ಗಟ್ಟಿಯಾಗುತ್ತದೆ. ಮೇಸ್ತ್ರಿ ತಂತಿ ತೂರಿಸಿ ತೆಗೆದದ್ದು ಕೆಂಪು ಸೀಮೆಸುಣ್ಣದ ತುಂಡಿನಂತಿತ್ತು. ಬೆರಳಲ್ಲಿ ಒತ್ತಿದರೂ ಪುಡಿಯಾಗಲಿಲ್ಲ.

ಬ್ರೀದರ್ ಬಿಚ್ಚಿ ತೆಗೆಯುವುದು ಮಾತ್ರ ಸುಲಭ ಅಲ್ಲ. ಕೇಸಿಗೂ ಕ್ಯಾಬಿನ್ ತಳಕ್ಕೂ ನಡುವೆ ಕೈ ಹೋಗುತ್ತದೆ, ಸ್ಪ್ಯಾನರ್ ತಿರುಗುವುದಿಲ್ಲ. ಸ್ಪ್ಯಾನರ್ ತಿರುಗುವ ಕಡೆಯಿಂದ ಕೈ ಹೋಗುವುದಿಲ್ಲ. ಕೊನೆಗೆ ಗೇರ್‌ಬಾಕ್ಸಿಗೆ ಜಾಕ್ ಕೊಟ್ಟು, ಮೌಂಟಿಂಗ್ ಬೋಲ್ಟ್ ಬಿಚ್ಚಿ, ಸ್ವಲ್ಪ ಕೆಳಗಿಳಿಸಬೇಕಾಯಿತು. ಸೀಲ್ ಹಾಕಲು ಹಿಡಿದಷ್ಟೇ ಹೊತ್ತು ಇದಕ್ಕೂ ಹಿಡಿಯಿತು. ಬ್ರೀದರನ್ನು ಅಲ್ಲಿ ಕೂರಿಸಿದ ಪುಣ್ಯಾತ್ಮನನ್ನು ಮೇ ತಿಂಗಳಲ್ಲಿ ಬಳ್ಳಾರಿಗೆ ಕರೆಸಿ, ನೀನೇ ಬಿಚ್ಚಪ್ಪಾ ಅನ್ನಬೇಕು.

ಹಾಗಾದರೆ ಲೋಕಲ್ ಸೀಲಿನ ತಪ್ಪೇನು ಅಂತೀರಾ? ಅರ್ಧ ನ್ಯಾಯ ಅದರ ಕಡೆಗೂ ಇದೆ. ಆದರೆ ಕಿತ್ತು ನೋಡಿದರೆ ಲಿಪ್ ಆಗಲೇ ಗಟ್ಟಿಯಾಗಿತ್ತು, ಒಳಗಿನ ಸ್ಪ್ರಿಂಗ್ ಜಾರಿತ್ತು. ಕಂಪನಿ ಸೀಲಿಗೆ ಕೊಟ್ಟದ್ದು 600 ರೂಪಾಯಿ. ಎಣ್ಣೆ, ಕೂಲಿ ಎಲ್ಲ ಸೇರಿ 3 ಸಾವಿರ ದಾಟಲಿಲ್ಲ. ಆಮೇಲೆ ಒಂದು ಮಳೆಗಾಲ ಕಳೆದಿದೆ, ಹಿಂಭಾಗ ಒಣಗಿಯೇ ಇದೆ.

ಸೀಲ್ ಕೂರಿಸುವ ಮೊದಲು ಶಾಫ್ಟಿನ ಫ್ಲ್ಯಾಂಜ್ (ಸೀಲಿನ ಲಿಪ್ ಉಜ್ಜುವ ಭಾಗ) ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಸ್ಲೀವ್ (ಮೇಲೆ ತೊಡಿಸುವ ತೆಳು ಲೋಹದ ಬಳೆ) ಹಾಕಿಸಬೇಕು, ಇಲ್ಲವೇ ಫ್ಲ್ಯಾಂಜ್ ಬದಲಿಸಬೇಕು. ಡ್ರೈನ್ ಪ್ಲಗ್ (ಎಣ್ಣೆ ಇಳಿಸುವ ಬಿರಡೆ) ಮುಟ್ಟುವ ಮೊದಲು ಫಿಲ್ಲರ್ ಪ್ಲಗ್ (ಎಣ್ಣೆ ತುಂಬುವ ಬಿರಡೆ) ಬಿಚ್ಚಿಕೊಳ್ಳಿ. ಅದು ಜಾಮ್ ಆಗಿದ್ದರೆ ಎಣ್ಣೆ ಖಾಲಿಯಾದ ಗಾಡಿ ಅಲ್ಲೇ ನಿಲ್ಲುತ್ತದೆ. ಎಣ್ಣೆ ಯಾವುದು ಅಂತ ಮ್ಯಾನುಯಲ್ ನೋಡಿ, ಕೆಲವಕ್ಕೆ ಎಟಿಎಫ್, ಕೆಲವಕ್ಕೆ ಗೇರ್ ಆಯಿಲ್.

ದೊಡ್ಡ ವರ್ಕ್‌ಶಾಪಿನಲ್ಲಿ ಯೂನಿಟ್ ಪೂರ್ತಿ ಇಳಿಸಿ ಎಲ್ಲ ಸೀಲ್ ಬದಲಿಸಲು 20 ಸಾವಿರದ ಹತ್ತಿರ ಹೇಳಿದ್ದರು, ಗಾಡಿಯನ್ನೂ ಬಿಟ್ಟು ಬರಬೇಕಿತ್ತು. ಬಾಡಿಗೆ ನಂಬಿದವರಿಗೆ ಅದು ಆಗದ ಮಾತು. ವಾರಂಟಿ ಇದ್ದರೆ, ಅಥವಾ ಎಣ್ಣೆಯಲ್ಲಿ ಕಬ್ಬಿಣದ ಚೂರು ಕಂಡರೆ, ಸುಮ್ನೆ ಅಲ್ಲಿಗೇ ಹೋಗಿ.

ಟಾರ್ ರಸ್ತೆ ಬಿಟ್ಟು ಇಳಿಯದ ಗಾಡಿಯಲ್ಲಿ ಬರೀ ಜಿನುಗುತ್ತಿದ್ದರೆ ಬಾಟಲಿ ನಡೆದೀತು. ಗಣಿ ಕಡೆ ಓಡುವವರು ಸೀಲ್ ಜೊತೆ ಒಂದು ಮಾರು ಪೈಪನ್ನೂ ತನ್ನಿ, ಬ್ರೀದರನ್ನು ಧೂಳಿನಿಂದ ಮೇಲಕ್ಕೆ ಎತ್ತಿ ಕಟ್ಟಿಸಬಹುದು. ಆಯಿಲ್‌ಗೆ ತಾಳುವ ಪೈಪೇ ಬೇಕು ಅಂತ ಕೇಳಿ, ಇಲ್ಲದಿದ್ದರೆ ಅಂಗಡಿಯವರು ನೀರಿನ ಪೈಪ್ ಕತ್ತರಿಸಿ ಕೊಡುತ್ತಾರೆ.