ಹಳೆಯ ಕಂಪ್ಯೂಟರಿಗೆ ಮರುಜೀವ: ಮೈಸೂರಿನ ದುರಸ್ತಿ ಅಂಗಡಿಯೊಂದರ ಅನುಭವ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ನಮ್ಮ 2014ರ ಡೆಸ್ಕ್‌ಟಾಪನ್ನು ಸಯ್ಯಾಜಿರಾವ್ ರಸ್ತೆಯ ಬಳಿಯ ಚಿಕ್ಕ ದುರಸ್ತಿ ಅಂಗಡಿಗೆ ಹೊತ್ತೊಯ್ದೆ. ಇಂಟೆಲ್‌ನ ನಾಲ್ಕನೇ ತಲೆಮಾರಿನ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲವೆಂದು ಮೊದಲೇ ತಿಳಿಸಿದ ಅಂಗಡಿಯವರು, ಹೊಸದನ್ನು ಮಾರುವ ಆತುರ ತೋರದೆ, ಹಾರ್ಡ್ ಡಿಸ್ಕಿನ ಜಾಗಕ್ಕೆ ಅದಕ್ಕಿಂತ ಬಹಳ ವೇಗವಾಗಿ ಓದಿ ಬರೆಯುವ 256 ಜಿಬಿಯ ಎಸ್‌ಎಸ್‌ಡಿಯನ್ನೂ ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮನ್ನೂ ಕೂರಿಸಿ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಕೊಟ್ಟರು. ಫ್ಯಾನಿನ ರೆಕ್ಕೆಗಳಿಗೆ ಕಂಬಳಿಯಂತೆ ಅಂಟಿದ್ದ ಧೂಳನ್ನು ಕುಂಚದಿಂದ ತೆಗೆದು, ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟನ್ನು (ಪ್ರೊಸೆಸರಿನ ಶಾಖ ಹೊರಹೋಗಲು ಹಚ್ಚುವ ಲೇಪ) ಒರೆಸಿ ಹೊಸದನ್ನು ಹಚ್ಚಿದ್ದು ಕೇಳದೇ ಸಿಕ್ಕ ಉಪಕಾರ. ಕಾಫಿ ಸೋಸಿ ಕುಡಿದು ಮುಗಿಸಿದರೂ ತೆರೆದುಕೊಳ್ಳದಿದ್ದ ಯಂತ್ರ ಈಗ ಅರ್ಧ ನಿಮಿಷದಲ್ಲಿ ಸಿದ್ಧವಾಗುತ್ತದೆ. ಆದರೆ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಹಳೆಯ ಅಕ್ಷರಶೈಲಿಯಲ್ಲಿ ಅಪ್ಪ ಬರೆದಿಟ್ಟಿದ್ದ ಕಡತಗಳು ತಲೆಬುಡವಿಲ್ಲದ ಚಿಹ್ನೆಗಳಾಗಿ ಕಂಡವು. ಆ ಫಾಂಟ್ ಹಾಕಿಸಲು ಮತ್ತೆರಡು ಬಾರಿ ಅಲೆಯಬೇಕಾಯಿತು.