ಬಾಲ್ಕನಿಗೆ ಯಾವುದು: ನಾಟಿ ನಿಂಬೆಯೋ, ಚೈನಾ ಆರೆಂಜೋ?

ಲಾಲ್‌ಬಾಗ್ ನರ್ಸರಿ ಕಡೆ ಹೊರಟಿದ್ದೀರಾ? ಮೊದಲು ನಿಮ್ಮ ಬಾಲ್ಕನಿಗೆ ಎಷ್ಟು ಹೊತ್ತು ಬಿಸಿಲು ಬೀಳುತ್ತದೆ ನೋಡಿ. ದಿನಕ್ಕೆ 6 ಗಂಟೆಯಾದರೂ ಇಲ್ಲದಿದ್ದರೆ ಎರಡೂ ಸುಮ್ನೆ ಎಲೆ ಬಿಟ್ಟುಕೊಂಡು ನಿಲ್ಲುತ್ತವೆ.

ಚಿತ್ರಾನ್ನಕ್ಕೆ, ಪಾನಕಕ್ಕೆ ಬೇಕಾದರೆ ನಾಟಿ ನಿಂಬೆಯೇ ಸರಿ. ಆ ಪರಿಮಳ ಇನ್ನೊಂದರಲ್ಲಿ ಇಲ್ಲ. ಆದರೆ ಮುಳ್ಳು ಜಾಸ್ತಿ. ಮಳೆಗಾಲದಲ್ಲಿ ಕಜ್ಜಿ ರೋಗದ ಕಾಟವೂ ಇದೆ. ಬೀಜದ ಸಸಿ ಬೇಡ, ಕಾಯಿಗೆ 4-5 ವರ್ಷ ಕಾಯಬೇಕು. ಗೂಟಿ ಸಸಿಯನ್ನೇ (ತಾಯಿ ಗಿಡದ ಕೊಂಬೆಯಲ್ಲೇ ಬೇರು ಬರಿಸಿ ಕತ್ತರಿಸಿದ ಸಸಿ) ಕೇಳಿ ತನ್ನಿ, ಬೇಗ ಕಾಯಿ ಬಿಡುತ್ತದೆ.

ಚೈನಾ ಆರೆಂಜ್ ಅಂದರೆ ಕ್ಯಾಲಮಾಂಡಿನ್, ಪುಟ್ಟ ಕಿತ್ತಳೆಯಂಥ ಹಣ್ಣು ಬಿಡುವ ಗಿಡ. ಗಿಡ ಪುಟ್ಟದು, ಮುಳ್ಳು ಕಡಿಮೆ, ಮಕ್ಕಳಿರುವ ಮನೆಗೆ ಒಳ್ಳೆಯದು. ಸಿಪ್ಪೆ ಸಿಹಿ, ತಿರುಳು ಹುಳಿ. ಇದರ ಉಪ್ಪಿನಕಾಯಿ ನನಗೆ ತುಂಬಾ ಇಷ್ಟ.

ಬೆಂಗಳೂರಿನ ಚಳಿ ಎರಡಕ್ಕೂ ಲೆಕ್ಕಕ್ಕಿಲ್ಲ. ಹಿಮ ಬೀಳುವ ದೇಶದಲ್ಲಿರುವ ಮಗಳಿಗೆ ಹೇಳುವುದಾದರೆ ಚೈನಾ ಆರೆಂಜನ್ನೇ ಹೇಳಿ. ನಿಂಬೆಗಿಂತ ಅದು ಚಳಿ ತಡೆಯುತ್ತದೆ. ಆದರೂ ಚಳಿಗಾಲದಲ್ಲಿ ಕುಂಡ ಮನೆಯೊಳಗೆ, ಬಿಸಿಲು ಬರುವ ಕಿಟಕಿ ಹತ್ತಿರ ಇರಬೇಕು. ನೀರು ಕಡಿಮೆ ಸಾಕು. ಹೀಟರ್ ಪಕ್ಕ ಮಾತ್ರ ಇಡಬಾರದು, ಎಲೆ ಉದುರುತ್ತದೆ.

ಒಂದೇ ಕುಂಡಕ್ಕೆ ಜಾಗ ಇದ್ದರೆ ಇಲ್ಲಿ ನನ್ನ ಆಯ್ಕೆ ನಿಂಬೆ.